ಬಿಳಿಯ ಪಾಲು

ಮೇ ಬಂದರೂ ಸುಪೀರಿಯರ್ ಸರೋವರದ ದಡದಲ್ಲಿ
ಕೊಳಕು ಹಿಮ ಇನ್ನೂ ಗುಡ್ಡೆ ಬಿದ್ದಿದೆ.
ಹನ್ನೆರಡನೇ ಕ್ಲಾಸಿನವರು ಬಣ್ಣದ ಕೋಣೆಯ ಕೀಲಿಗೆ
ನನ್ನ ಹತ್ತಿರ ಬರುತ್ತಾರೆ.
ಮೂವತ್ತೊಂದು ವರ್ಷ ಈ ಹೈಸ್ಕೂಲಿನ ನೆಲ ಒರೆಸಿದವನು,
ವೇಯ್ಕೊ ಹರ್ಯು. ಹೆಸರನ್ನು ಸರಿಯಾಗಿ ಕರೆಯುವವರು ಕಡಿಮೆ.
ಮಕ್ಕಳ ಬಾಯಲ್ಲಿ ನಾನು ಬರೀ ‘ಕೀಲಿ’.

ನಿಯಮ ಮೂರೇ:
ಬೈಗುಳ ಬೇಡ, ಮೇಷ್ಟರ ಮುಖ ಬೇಡ,
ಹಿಂದಿನವರ ಚಿತ್ರ ಮುಟ್ಟಕೂಡದು.
ಒಂದು ಬ್ಯಾಚಿಗೆ ಎರಡು ಕಿಟಕಿಗಳ ನಡುವಿನಷ್ಟು ಗೋಡೆ,
ಅದರಲ್ಲಿ ಒಬ್ಬೊಬ್ಬರಿಗೆ ಊಟದ ತಟ್ಟೆಯಗಲ.

ಎಪ್ಪತ್ತೊಂಬತ್ತರವರು ಅದಿರಿನ ಹಡಗು ಬರೆದರು,
ಹೊಗೆಕೊಳವೆ ಒಂದು ಜಾಸ್ತಿ ಬಿತ್ತು.
ಹಡಗಿನಲ್ಲೇ ಜೀವ ತೇಯ್ದ ಅಪ್ಪಂದಿರು
ಬಂದು ನೋಡಿ, ಎಣಿಸಿ, ಹೊಟ್ಟೆ ಹಿಡಿದು ನಕ್ಕು
ಇರಲಿ ಬಿಡಿ ಎಂದರು.
ಆ ಜಾಸ್ತಿಯದು ನನ್ನದು.

ತೊಂಬತ್ತೆರಡರ ತೋಳ ನಾಯಿಯಂತಿದೆ.
ಪರೀಕ್ಷೆಗೆ ಹೋಗುವ ಮುಂಚೆ ಎಲ್ಲರೂ ಅದರ ಮೂಗು ಸವರಿ
ಕಪ್ಪು ಸವೆದು, ಒಳಗಿನ ಇಟ್ಟಿಗೆ ಇಣುಕಿದೆ.
ಹನ್ನೊಂದರಲ್ಲಿ ಓಜಿಬ್ವೆ ಹುಡುಗಿಯರು
ನೀರಲ್ಲಿ ನಿಂತ ಕಾಡುಭತ್ತ ಬರೆಯುತ್ತಿದ್ದರೆ
ಒಬ್ಬಳ ಅಜ್ಜಿ ಬಂದು, ತೆನೆ ಬಾಗುವುದು ಹೀಗಲ್ಲವೆಂದು
ಕುಂಚ ಕಿತ್ತುಕೊಂಡು ತಾನೇ ತಿದ್ದಿದಳು.
ನಿಯಮದಲ್ಲಿ ಅಜ್ಜಿಯರ ಮಾತೇ ಇರಲಿಲ್ಲ.

ಎರಡು ಸಾವಿರದ ಎರಡು. ಎಮೆಟ್ ಟ್ರೆವಾರೋ.
ಚೀಟಿಯಲ್ಲಿ ಬರೆದುಕೊಟ್ಟಿದ್ದ:
‘ಕಡಲಹಕ್ಕಿ, ಒಂದು. ನನಗೆ ಚಿತ್ರ ಬರುವುದಿಲ್ಲ.’
ಮಾರ್ಚಿನ ಮಂಜುಗಡ್ಡೆ ಅವನ ಹಿಮಬಂಡಿಯನ್ನು ತಾಳಲಿಲ್ಲ.
ಗೆಳೆಯರು ಸುತ್ತಲೂ ತುಂಬಿಸಿದರು,
ದೀಪಸ್ತಂಭ, ಬರ್ಚ್ ಮರ, ಮುರಿದ ಹಾಕಿ ಕೋಲು,
ಅವನ ತಟ್ಟೆಯಗಲ ಬಿಟ್ಟು.

ಬಿಟ್ಟ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ.
ಭುಜ ತಾಗುತ್ತದೆ, ಬ್ಯಾಗು ಉಜ್ಜುತ್ತದೆ,
ಬಾಯ್ಲರಿನ ಮಸಿ ಕೂರುತ್ತದೆ.
ಒಮ್ಮೆ ಯಾರೋ ಹೃದಯ ಗೀಚಿ ಎರಡು ಹೆಸರು ಬರೆದಿದ್ದರು
(ಆ ಹೆಸರುಗಳು ಈಗ ಬೇರೆ ಬೇರೆ ಊರಿನಲ್ಲಿವೆ).
ಅದಕ್ಕೇ ಪ್ರತಿ ಜೂನ್, ಶಾಲೆ ಖಾಲಿಯಾದ ಮೊದಲ ಸೋಮವಾರ
ಒಂದು ಪದರ ಬಳಿಯುತ್ತೇನೆ.
ಯಾರೂ ಹೇಳಿದ್ದಲ್ಲ.
ಲೆಕ್ಕಕ್ಕೆ ‘ಬಚ್ಚಲುಮನೆ ರಿಪೇರಿ’.

ಹೋದ ವರ್ಷ ಡೆಲ್ಫೀನ್ ಕ್ಯಾಡಟ್
ಮರೆತ ಬೂಟು ಹುಡುಕಿಕೊಂಡು ಬಂದವಳು
ನನ್ನ ಕೈಯಲ್ಲಿ ಕುಂಚ ನೋಡಿದಳು.
‘ಮುಟ್ಟಕೂಡದು ಅಂದಿದ್ದಿರಿ.’
ಅಂದಿದ್ದೆ.
ಹತ್ತಿರ ಬಂದು, ಗೋಡೆಗೆ ಕೆನ್ನೆ ಆನಿಸಿ,
ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿದಳು.
‘ಉಬ್ಬಿದೆಯಲ್ಲ! ತೋಳಕ್ಕಿಂತ, ಹಡಗಿಗಿಂತ.’
ಮಂಡಿ ಹಿಡಿದುಕೊಂಡು ನಾನೂ ಹಾಗೇ ಬಗ್ಗಿ ನೋಡಿದೆ.
ಹೌದು. ಇಪ್ಪತ್ತೆರಡು ಪದರ.
ಕತ್ತಲಲ್ಲಿ ಬೆರಳಾಡಿಸಿದರೂ ಅಂಚು ಸಿಗುತ್ತದೆ.
ಈ ಇಡೀ ಗೋಡೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಣ್ಣ
ಏನೂ ಬರೆಯದ ಜಾಗದಲ್ಲಿ.

ಈ ಸಲ ಅವಳದೇ ಬ್ಯಾಚು.
ತನ್ನ ತಟ್ಟೆಯಗಲದಲ್ಲಿ ಒಂಟಿ ಬೂಟು ಬರೆದಿದ್ದಾಳೆ,
ಲೇಸು ಬಿಚ್ಚಿದ್ದು.
ಮೂವತ್ತೆಂಟು ಕೀಲಿಗಳ ಗೊಂಚಲನ್ನು ಆಫೀಸಿಗೆ ಒಪ್ಪಿಸಿ
ನಾನು ಹೊರಡುವುದೂ ಈ ಜೂನ್‌ನಲ್ಲೇ.
ನಿನ್ನೆ ಕುಂಚ ತೊಳೆಯುತ್ತಾ ಕೇಳಿದಳು, ಯಾವ ಬಿಳಿ?
ಅಂಗಡಿಯಲ್ಲಿ ನಲವತ್ತು ಥರ ಇದೆ,
ಮೊಟ್ಟೆಯ ಚಿಪ್ಪು, ಹಳೇ ಲೇಸು, ಚಳಿಗಾಲದ ಉಸಿರು.
ಅಗ್ಗದ್ದು, ಅಂದೆ.
ಅಂಗೈ ಮೇಲೆ ಬರೆದುಕೊಂಡಳು.

ಅಡುಗೆಮನೆಯ ಹಿಂದಿನ ಕಿಟಕಿಯ ಚಿಲಕ
ಕೆಟ್ಟು ಬಹಳ ವರ್ಷವಾಯಿತು,
ನಾನು ಸರಿಮಾಡಿಸಲೇ ಇಲ್ಲ
ಎಂದೂ ಹೇಳಿದೆ, ಸುಮ್ಮನೆ.